ಹಣ ಮುಗಿದರೆ ದೀಪ ಆರಬೇಕೇ?

ಮನೆಬಳಕೆಯ ಪ್ರಿಪೇಯ್ಡ್ ವಿದ್ಯುತ್ ಮೀಟರಿನ ಒಳಿತು ಕೆಡುಕುಗಳ ಕುರಿತು ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ



ಇಂದಿನ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಅಚ್ಚರಿಯಾಗಿರಬಹುದು. ಶಿಕ್ಷಣ, ನಿರುದ್ಯೋಗ, ಬೆಲೆಯೇರಿಕೆಗಳಂತಹ ದೊಡ್ಡ ಸಮಸ್ಯೆಗಳು ಎದುರಿಗಿರುವಾಗ ಮನೆಯ ಗೋಡೆಯಲ್ಲಿರುವ ಒಂದು ಮೀಟರಿನ ಬಗ್ಗೆ ಇಡೀ ಸಂಜೆಯನ್ನು ವ್ಯಯಿಸಬೇಕೇ ಎಂದು ಕೇಳುವವರೂ ಇರಬಹುದು. ಆದರೆ ಆ ಪುಟ್ಟ ಪೆಟ್ಟಿಗೆಯ ಹಿಂದೆ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಒಂದು ಮನೆ ಕತ್ತಲಲ್ಲಿ ಮುಳುಗಿದಾಗ ಅದರ ಹೊಣೆ ಯಾರದು? ಸರಕಾರದ್ದೇ, ಕಂಪೆನಿಯದ್ದೇ ಅಥವಾ ಆ ಮನೆಯವರದ್ದೇ? ನಾನು ಈ ಪ್ರಶ್ನೆಯನ್ನೇ ನಿಮ್ಮ ಮುಂದಿಡಲು ಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನ ಮನೆಗೆ ಹೋಗಿದ್ದೆ. ಅದೊಂದು ದೊಡ್ಡ ವಸತಿ ಸಮುಚ್ಚಯ. ಅಲ್ಲಿ ಕಟ್ಟಡದವರೇ ಎಲ್ಲ ಮನೆಗಳಿಗೂ ಪ್ರಿಪೇಯ್ಡ್ ಮೀಟರ್ ಅಳವಡಿಸಿದ್ದರು. ಕರೆಂಟ್ ಹೋದಾಗ ಓಡುವ ಜನರೇಟರಿನ ಲೆಕ್ಕವೂ ಅದರಲ್ಲೇ ಬರುತ್ತಿತ್ತು. ರಾತ್ರಿ ಊಟಕ್ಕೆ ಕುಳಿತಿದ್ದಾಗ ಇದ್ದಕ್ಕಿದ್ದಂತೆ ದೀಪಗಳು ಆರಿದವು. ಕಿಟಕಿಯಿಂದ ನೋಡಿದರೆ ಎದುರಿನ ಮನೆಗಳಲ್ಲೆಲ್ಲಾ ಬೆಳಕಿತ್ತು. "ಬ್ಯಾಲೆನ್ಸ್ ಮುಗಿದಿದೆ ಮಾವ, ಒಂದು ನಿಮಿಷ" ಎಂದು ಅವನು ನಗುತ್ತಾ ಮೊಬೈಲ್ ಕೈಗೆತ್ತಿಕೊಂಡ. ಹಣ ತುಂಬಿದ. ನಾವು ತುತ್ತು ಬಾಯಿಗಿಡುವಷ್ಟರಲ್ಲಿ ದೀಪ ಬಂತು. ಎಷ್ಟು ಸುಲಭ ಎಂದು ನನಗೂ ಅನಿಸಿತು. ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯಲು ಬಂದ ಮಹಿಳೆಗೆ ಮನೆಯವರು ಈ ಸಂಗತಿಯನ್ನು ತಮಾಷೆಯಾಗಿ ಹೇಳಿದರು. ಆಕೆ ನಗಲಿಲ್ಲ. "ನಮ್ಮ ಮನೆಗೂ ಇದನ್ನು ಹಾಕಿದರೆ ಸಂಬಳ ಆಗುವ ತನಕ ನಾವೇನು ಮಾಡುವುದು?" ಎಂದು ಕೇಳಿದಳು. ಅಂದು ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಇಂದಿನ ನನ್ನ ಮಾತು ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೆಂದು ನೀವು ತಿಳಿಯಬಹುದು.

ಮೊದಲಿಗೆ ಈ ಮೀಟರ್ ಏನೆಂಬುದನ್ನು ತಿಳಿದುಕೊಳ್ಳೋಣ. ನಮ್ಮ ಬಹುಪಾಲು ಮನೆಗಳಲ್ಲಿ ಈಗಿರುವ ಪದ್ಧತಿ ನಿಮಗೆಲ್ಲಾ ಗೊತ್ತು. ತಿಂಗಳಿಗೊಮ್ಮೆ ಮೀಟರ್ ರೀಡರ್ ಬರುತ್ತಾರೆ, ಬಳಸಿದ ಯೂನಿಟ್‌ಗಳನ್ನು ದಾಖಲಿಸಿ ಬಿಲ್ ಕೊಡುತ್ತಾರೆ, ಗಡುವಿನೊಳಗೆ ನಾವು ಹಣ ಕಟ್ಟುತ್ತೇವೆ. ಮೊದಲು ಬಳಕೆ, ನಂತರ ಪಾವತಿ. ಪ್ರಿಪೇಯ್ಡ್ ಮೀಟರಿನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಮೊದಲು ಪಾವತಿ, ನಂತರ ಬಳಕೆ. ದಕ್ಷಿಣ ಆಫ್ರಿಕದಂತಹ ದೇಶಗಳಲ್ಲಿ ಇದು ದಶಕಗಳಿಂದ ಬಳಕೆಯಲ್ಲಿದೆ. ಅಲ್ಲಿ ಅಂಗಡಿಯಲ್ಲಿ ಹಣ ಕೊಟ್ಟರೆ 20 ಅಂಕಿಗಳ ಒಂದು ಸಂಖ್ಯೆ ದೊರೆಯುತ್ತದೆ. ಮನೆಗೆ ಬಂದು ಮೀಟರಿನ ಗುಂಡಿಗಳನ್ನೊತ್ತಿ ಆ ಸಂಖ್ಯೆಯನ್ನು ತುಂಬಬೇಕು. ನಮ್ಮ ದೇಶದಲ್ಲಿ ಈಗ ಬರುತ್ತಿರುವುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಸ್ಮಾರ್ಟ್ ಮೀಟರ್. ಅದು ಕಂಪೆನಿಯ ಕಂಪ್ಯೂಟರಿನೊಂದಿಗೆ ಸದಾ ಸಂಪರ್ಕದಲ್ಲಿರುತ್ತದೆ. ನೀವು ಬಳಸಿದ ವಿದ್ಯುತ್ತಿನ ಲೆಕ್ಕ ಅಲ್ಲಿಗೆ ತಲುಪುತ್ತದೆ, ಹಣ ಅಲ್ಲಿಯೇ ಕಳೆಯಲ್ಪಡುತ್ತದೆ. ಮೀಟರಿನೊಳಗೇ ಒಂದು ಸ್ವಿಚ್ ಇದೆ. ದೂರದ ಕಚೇರಿಯಿಂದ ಬರುವ ಒಂದು ಆದೇಶ ಸಾಕು, ಮನೆಯ ಸಂಪರ್ಕ ಕಡಿದು ಹೋಗುತ್ತದೆ. ಕಂಬ ಹತ್ತುವ ಲೈನ್‌ಮನ್ ಬೇಡ, ಫ್ಯೂಸ್ ಕೀಳುವ ಕೈ ಬೇಡ.

ಇದರ ಒಳಿತುಗಳನ್ನು ಮುಚ್ಚಿಟ್ಟು ಕೆಡುಕುಗಳನ್ನಷ್ಟೇ ಹೇಳುವುದು ನ್ಯಾಯವಲ್ಲ. ಒಳಿತುಗಳು ನಿಜವಾಗಿಯೂ ಇವೆ. ಮೊದಲನೆಯದಾಗಿ, ಭದ್ರತಾ ಠೇವಣಿ ಬೇಕಿಲ್ಲ. ವಿದ್ಯುಚ್ಛಕ್ತಿ ಕಾಯ್ದೆ 2003ರ 47ನೇ ಕಲಮಿನ ಪ್ರಕಾರ ಪ್ರಿಪೇಯ್ಡ್ ಮೀಟರಿನ ಮೂಲಕ ವಿದ್ಯುತ್ ಪಡೆಯಲು ಸಿದ್ಧನಿರುವ ಗ್ರಾಹಕನಿಂದ ಠೇವಣಿ ಕೇಳುವಂತಿಲ್ಲ. ಎರಡನೆಯದಾಗಿ, ತಪ್ಪು ರೀಡಿಂಗ್‌ನ ಕಾಟವಿಲ್ಲ. ಬೀಗ ಹಾಕಿದ ಮನೆಗೆ ಅಂದಾಜಿನ ಬಿಲ್ ಬರುವುದು, ಎರಡು ತಿಂಗಳ ಬಳಕೆ ಒಮ್ಮೆಗೇ ಲೆಕ್ಕಕ್ಕೆ ಬರುವುದು, ಇವೆಲ್ಲ ತಪ್ಪುತ್ತವೆ. ಮೂರನೆಯದಾಗಿ, ಯಾವ ದಿನ ಎಷ್ಟು ಖರ್ಚಾಯಿತೆಂಬುದು ಕಣ್ಣಿಗೆ ಕಾಣುತ್ತದೆ. ತಿಂಗಳ ಕೊನೆಗೆ ಬರುವ ಬಿಲ್ ನಮ್ಮನ್ನು ಬೆಚ್ಚಿ ಬೀಳಿಸುತ್ತದೆಯೇ ಹೊರತು ಎಚ್ಚರಿಸುವುದಿಲ್ಲ. ದಿನದ ಲೆಕ್ಕ ಎಚ್ಚರಿಸುತ್ತದೆ. ನಾಲ್ಕನೆಯದಾಗಿ, ಬಾಡಿಗೆ ಮನೆಗಳಲ್ಲಿ ನಿತ್ಯ ನಡೆಯುವ ಜಗಳಗಳಿಗೆ ಇದು ಪರಿಹಾರವಾಗಬಲ್ಲದು. ಹಿಂದಿನ ಬಾಡಿಗೆದಾರ ಬಾಕಿ ಉಳಿಸಿ ಹೋದ ಬಿಲ್ಲನ್ನು ಹೊಸಬನು ಹೊರಬೇಕಾಗಿಲ್ಲ. ದಿನಗೂಲಿ ಮಾಡುವವರಿಗೆ ಒಮ್ಮೆಗೇ ಸಾವಿರ ರೂಪಾಯಿ ಹೊಂದಿಸುವುದಕ್ಕಿಂತ ಐವತ್ತು, ನೂರು ರೂಪಾಯಿಗಳಂತೆ ತುಂಬುವುದು ಸುಲಭವೆನ್ನುವ ವಾದವೂ ಇದೆ. ಉತ್ತರ ಪ್ರದೇಶದಂತಹ ರಾಜ್ಯಗಳಲ್ಲಿ ಮುಂಗಡ ಪಾವತಿಸುವವರಿಗೆ ಶೇ. 2ರ ರಿಯಾಯಿತಿಯೂ ಇದೆ.

ವಿದ್ಯುತ್ ಕಂಪೆನಿಗಳ ಕಡೆಯಿಂದ ನೋಡಿದರೂ ಕಾರಣವಿದೆ. ಅವು ವಿದ್ಯುತ್ತನ್ನು ಖರೀದಿಸಿದ ಹಣ ಗ್ರಾಹಕರಿಂದ ಹಿಂದಿರುಗಿ ಬಾರದಿದ್ದರೆ ಸಾಲ ಬೆಳೆಯುತ್ತದೆ, ಸಾಲ ಬೆಳೆದರೆ ದರ ಏರುತ್ತದೆ. ಪ್ರಾಮಾಣಿಕವಾಗಿ ಬಿಲ್ ಕಟ್ಟುವವನು ಕದ್ದು ಬಳಸುವವನ ಭಾರವನ್ನೂ ಹೊರುತ್ತಾನೆ. ಈ ನಷ್ಟವನ್ನು ಶೇ. 12ರಿಂದ 15ರೊಳಗೆ ತರಬೇಕೆಂಬ ಗುರಿಯೊಂದಿಗೆ ಕೇಂದ್ರ ಸರಕಾರವು 2021ರಲ್ಲಿ 3 ಲಕ್ಷ ಕೋಟಿ ರೂಪಾಯಿಗಳಿಗೂ ಮಿಕ್ಕಿದ ಒಂದು ಯೋಜನೆಯನ್ನು ಘೋಷಿಸಿತು. 25 ಕೋಟಿ ಸ್ಮಾರ್ಟ್ ಪ್ರಿಪೇಯ್ಡ್ ಮೀಟರ್‌ಗಳನ್ನು 2025ರ ಮಾರ್ಚ್ ಒಳಗೆ ಅಳವಡಿಸಬೇಕೆಂಬುದು ಅದರ ಗುರಿಯಾಗಿತ್ತು. ಆ ಗಡುವು ದಾಟಿದಾಗ ಗುರಿ ಬಹುದೂರವೇ ಉಳಿದಿತ್ತು. ಅದಕ್ಕೂ ಮೊದಲು, 2020ರ ಡಿಸೆಂಬರ್ 31ರಂದು ಹೊರಡಿಸಿದ ಗ್ರಾಹಕರ ಹಕ್ಕುಗಳ ನಿಯಮಾವಳಿಯು, ಮೀಟರ್ ಎಂದರೆ ಪ್ರಿಪೇಯ್ಡ್ ಮೀಟರೇ ಆಗಿರಬೇಕು, ವಿನಾಯಿತಿ ನೀಡುವುದಾದರೆ ರಾಜ್ಯದ ನಿಯಂತ್ರಣ ಆಯೋಗವು ಕಾರಣವನ್ನು ದಾಖಲಿಸಬೇಕು ಎಂದು ಹೇಳಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಸಂಸತ್ತು ರಚಿಸಿದ ಕಾಯ್ದೆಯು ಪ್ರಿಪೇಯ್ಡ್ ಮೀಟರಿಗೆ 'ಸಿದ್ಧನಿರುವ' ಗ್ರಾಹಕನ ಬಗ್ಗೆ ಮಾತಾಡುತ್ತದೆ. ಸಿದ್ಧನಿರುವುದೆಂದರೆ ಒಪ್ಪಿಗೆ ಇರುವುದು. ಅದೇ ಕಾಯ್ದೆಯಡಿ ಅಧಿಕಾರಿಗಳು ರಚಿಸಿದ ನಿಯಮವು ಆ ಒಪ್ಪಿಗೆಯ ಪ್ರಶ್ನೆಯನ್ನೇ ಬದಿಗೆ ಸರಿಸುತ್ತದೆ. ಆಯ್ಕೆಯಾಗಿದ್ದ ಒಂದು ಸೌಲಭ್ಯ ಹೀಗೆ ಕಡ್ಡಾಯದ ಕಟ್ಟಳೆಯಾಗಿ ಮಾರ್ಪಡುತ್ತದೆ. ನನ್ನ ತಕರಾರು ಮೀಟರಿನ ಬಗ್ಗೆ ಅಲ್ಲ, ಈ ಮಾರ್ಪಾಡಿನ ಬಗ್ಗೆ.

"ಮೊಬೈಲಿಗೆ ರೀಚಾರ್ಜ್ ಮಾಡುವುದಿಲ್ಲವೇ? ಇದೂ ಹಾಗೆಯೇ" ಎಂದು ಹೇಳುವವರಿದ್ದಾರೆ. ಈ ಹೋಲಿಕೆ ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಮೊಬೈಲಿನ ಹಣ ಮುಗಿದರೆ ಪಕ್ಕದ ಮನೆಯವರ ಫೋನ್ ಕೇಳಬಹುದು. ಒಂದು ಕಂಪೆನಿ ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಬಹುದು. ನಮ್ಮ ಊರಿನಲ್ಲಿ ವಿದ್ಯುತ್ ಕೊಡುವ ಕಂಪೆನಿ ಒಂದೇ. ಹಣ ಮುಗಿದ ರಾತ್ರಿ ಆ ಮನೆಯಲ್ಲಿ ನಿಂತು ಹೋಗುವುದು ಬರೇ ದೀಪವಲ್ಲ. ಪಂಪು ನಿಲ್ಲುತ್ತದೆ, ಟಾಂಕಿಯ ನೀರು ನಿಲ್ಲುತ್ತದೆ. ಉಬ್ಬಸದ ಮಗುವಿಗೆ ಔಷಧದ ಹಬೆ ನೀಡುವ ಯಂತ್ರ ನಿಲ್ಲುತ್ತದೆ. ಇನ್ಸುಲಿನ್ ಇಟ್ಟ ಫ್ರಿಜ್ ನಿಲ್ಲುತ್ತದೆ. ನಮ್ಮ ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಹಾಸಿಗೆ ಹಿಡಿದ ವೃದ್ಧರ ತಲೆಯ ಮೇಲಿನ ಫ್ಯಾನ್ ನಿಲ್ಲುತ್ತದೆ. ವಿದ್ಯುತ್ತು ಇಂದು ಭೋಗದ ವಸ್ತುವಲ್ಲ. ಅನ್ನ, ನೀರುಗಳ ಪಕ್ಕದಲ್ಲಿಯೇ ಅದಕ್ಕೂ ಒಂದು ಸ್ಥಾನವಿದೆ.

ಈಗ ಕಾನೂನಿನ ಮುಖ್ಯ ಅಂಶಕ್ಕೆ ಬರುತ್ತೇನೆ. 2003ರ ಕಾಯ್ದೆಯ 56ನೇ ಕಲಂ ನಮ್ಮಲ್ಲಿ ಹೆಚ್ಚಿನವರು ಓದಿರದ, ಆದರೆ ಎಲ್ಲರನ್ನೂ ಕಾಪಾಡುತ್ತಿರುವ ಒಂದು ಕಲಂ. ಬಿಲ್ ಕಟ್ಟದ ಗ್ರಾಹಕನ ಸಂಪರ್ಕವನ್ನು ಕಡಿಯುವ ಮುನ್ನ ಪೂರ್ತಿ 15 ದಿನಗಳ ಲಿಖಿತ ನೋಟಿಸ್ ನೀಡಬೇಕೆಂದು ಅದು ಹೇಳುತ್ತದೆ. ಅಷ್ಟೇ ಅಲ್ಲ, ಬಿಲ್ ತಪ್ಪೆಂದು ನೀವು ವಾದಿಸುತ್ತಿದ್ದರೆ, ನಿಮ್ಮ ಆಕ್ಷೇಪವನ್ನು ತಿಳಿಸಿ ಕೇಳಿದ ಹಣವನ್ನು ಅಥವಾ ಹಿಂದಿನ ಆರು ತಿಂಗಳ ಸರಾಸರಿಯಂತೆ ಬರುವ ಹಣವನ್ನು, ಇವೆರಡರಲ್ಲಿ ಕಡಿಮೆಯಾದುದನ್ನು ಠೇವಣಿಯಿಟ್ಟರೆ, ವಿವಾದ ಇತ್ಯರ್ಥವಾಗುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಅಂದರೆ ಕಾನೂನು ಬಡವನಿಗೆ ಎರಡು ವಸ್ತುಗಳನ್ನು ಕೊಟ್ಟಿದೆ: ಒಂದು ಸಮಯ, ಇನ್ನೊಂದು ಮಾತು. ಸಾಲ ಮಾಡಿಯೋ, ಸಂಬಳ ಪಡೆದೋ ಹಣ ಹೊಂದಿಸಲು ಸಮಯ. 'ಈ ಲೆಕ್ಕ ಸರಿಯಿಲ್ಲ' ಎಂದು ಹೇಳಲು ಮಾತು.

ಪ್ರಿಪೇಯ್ಡ್ ಮೀಟರ್ ಇವೆರಡನ್ನೂ ಸದ್ದಿಲ್ಲದೆ ಕಿತ್ತುಕೊಳ್ಳುತ್ತದೆ. ಅಲ್ಲಿ ಬಾಕಿ ಎಂಬುದೇ ಇಲ್ಲ, ಆದ್ದರಿಂದ ನೋಟಿಸಿನ ಅಗತ್ಯವೂ ಇಲ್ಲ ಎಂಬ ವಾದ ಬರುತ್ತದೆ. ಮೊಬೈಲಿಗೆ ಬಂದ ಒಂದು ಸಂದೇಶವೇ ನೋಟಿಸಾಗುತ್ತದೆ. ಆ ಮೊಬೈಲ್ ಗಂಡನೊಂದಿಗೆ ಬೇರೆ ಊರಿನಲ್ಲಿದ್ದರೆ? ಸಂದೇಶ ಓದಲು ಬಾರದ ಅಜ್ಜಿ ಒಬ್ಬರೇ ಮನೆಯಲ್ಲಿದ್ದರೆ? ಲೆಕ್ಕ ತಪ್ಪಾಗಿದ್ದರೆ ಮೊದಲು ಹಣ ಹೋಗುತ್ತದೆ, ದೀಪ ಹೋಗುತ್ತದೆ, ಅನಂತರ ದೂರು. ಕತ್ತಲಲ್ಲಿ ಕುಳಿತು ದೂರು ಕೊಡಬೇಕಾದವನಿಗೂ ಬೆಳಕಿನಲ್ಲಿ ನಿಂತು ವಾದಿಸುವವನಿಗೂ ವ್ಯತ್ಯಾಸವಿಲ್ಲವೇ?

ಈ ವ್ಯತ್ಯಾಸ ಎಷ್ಟು ಸೂಕ್ಷ್ಮವೆಂಬುದಕ್ಕೆ ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯವು 2009ರ ಅಕ್ಟೋಬರಿನಲ್ಲಿ ಬೆನ್ನು ಬೆನ್ನಿಗೆ ನೀಡಿದ ಎರಡು ತೀರ್ಪುಗಳು ನಿದರ್ಶನ. ಜೋಹಾನ್ಸ್‌ಬರ್ಗಿನ ಒಂದು ಕಟ್ಟಡದ ಮಾಲಕ ವಿದ್ಯುತ್ ಬಾಕಿ ಉಳಿಸಿದ್ದರಿಂದ ಬಾಡಿಗೆದಾರರ ಸಂಪರ್ಕವನ್ನು ಕಡಿಯಲಾಗಿತ್ತು. ಬಾಡಿಗೆದಾರರಿಗೂ 14 ದಿನಗಳ ನೋಟಿಸ್ ಕೊಡಬೇಕಿತ್ತೆಂದು ನ್ಯಾಯಾಲಯ ಹೇಳಿತು. ಆದರೆ ಅದರ ಹಿಂದಿನ ದಿನವಷ್ಟೇ, ಸೊವೆಟೊದ ಫಿರಿ ಎಂಬಲ್ಲಿನ ಬಡವರು ಪ್ರಿಪೇಯ್ಡ್ ನೀರಿನ ಮೀಟರುಗಳ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ, ಉಚಿತ ನೀರು ಮುಗಿದು ನಳ್ಳಿ ನಿಂತರೆ ಅದು ಸಂಪರ್ಕ ಕಡಿತವಲ್ಲ, ತಾತ್ಕಾಲಿಕ ನಿಲುಗಡೆ ಮಾತ್ರ ಎಂದು ಅದೇ ನ್ಯಾಯಾಲಯ ತೀರ್ಮಾನಿಸಿತ್ತು. ಮನುಷ್ಯ ಕಡಿದರೆ ಅದು ಕಡಿತ, ಯಂತ್ರ ನಿಲ್ಲಿಸಿದರೆ ಅದು ನಿಲುಗಡೆ! ಬಾಯಾರಿದವನಿಗೆ ಎರಡರ ನಡುವೆ ಯಾವ ಅಂತರವಿದೆ?

ಬ್ರಿಟನ್ನಿನಲ್ಲಿ ಇದಕ್ಕೊಂದು ಹೆಸರೇ ಇದೆ. ಅದನ್ನು 'ಸ್ವಯಂ ಕಡಿತ' ಎನ್ನುತ್ತಾರೆ. ಹಣವಿಲ್ಲದೆ ಮೀಟರ್ ತುಂಬದಿದ್ದ ಕುಟುಂಬವು ತನ್ನ ಸಂಪರ್ಕವನ್ನು ತಾನೇ ಕಡಿದುಕೊಂಡಿತು ಎಂಬರ್ಥ ಅದಕ್ಕೆ. ಹಸಿದವನನ್ನು ಉಪವಾಸಿಗ ಎಂದು ಕರೆದ ಹಾಗೆ! ಅಲ್ಲಿ ಸುಮಾರು 40 ಲಕ್ಷ ಮನೆಗಳಲ್ಲಿ ಪ್ರಿಪೇಯ್ಡ್ ಮೀಟರುಗಳಿದ್ದವು. ಇಂಧನದ ಬೆಲೆ ಗಗನಕ್ಕೇರಿದ್ದ ಚಳಿಗಾಲದಲ್ಲಿ, ಸಾಲ ಉಳಿಸಿಕೊಂಡವರ ಮನೆಗಳಿಗೆ ನ್ಯಾಯಾಲಯದ ವಾರಂಟಿನೊಂದಿಗೆ ನುಗ್ಗಿ ಬಲವಂತವಾಗಿ ಈ ಮೀಟರ್ ಅಳವಡಿಸಲಾಗುತ್ತಿದೆ, ಅಶಕ್ತರನ್ನೂ ಬಿಟ್ಟಿಲ್ಲ ಎಂಬುದನ್ನು 2023ರ ಫೆಬ್ರವರಿಯಲ್ಲಿ 'ದಿ ಟೈಮ್ಸ್' ಪತ್ರಿಕೆ ಬಯಲಿಗೆಳೆಯಿತು. ದೇಶವೇ ತಲ್ಲಣಿಸಿತು. ನಿಯಂತ್ರಣ ಸಂಸ್ಥೆಯು ಬಲವಂತದ ಅಳವಡಿಕೆಯನ್ನು ತಡೆಹಿಡಿಯಿತು. ಅದೇ ವರ್ಷದ ಕೊನೆಗೆ ಹೊಸ ನಿಯಮಗಳು ಬಂದವು. ನೋಡಿಕೊಳ್ಳುವವರಿಲ್ಲದ 75 ವರ್ಷ ದಾಟಿದವರು, ಎರಡು ವರ್ಷದೊಳಗಿನ ಮಗುವಿರುವ ಮನೆಗಳು, ಇಂಥವರ ಮೇಲೆ ಈ ಮೀಟರನ್ನು ಬಲವಂತವಾಗಿ ಹೇರುವಂತಿಲ್ಲ ಎಂದಾಯಿತು. ಶ್ರೀಮಂತ ರಾಷ್ಟ್ರವೊಂದು ಇಷ್ಟು ನೋವಿನ ನಂತರ ಕಲಿತ ಪಾಠವನ್ನು ನಾವು ನೋವಿಲ್ಲದೆಯೇ ಕಲಿಯಬಾರದೇ?

ನಮ್ಮ ದೇಶದ ಅನುಭವವೂ ಕಡಿಮೆಯೇನಲ್ಲ. 2020ರ ಆಗಸ್ಟ್ 12ರಂದು, ಜನ್ಮಾಷ್ಟಮಿಯ ದಿನ, ಉತ್ತರ ಪ್ರದೇಶದಲ್ಲಿ ಸ್ಮಾರ್ಟ್ ಮೀಟರ್ ಇದ್ದ ಒಂದೂವರೆ ಲಕ್ಷದಷ್ಟು ಗ್ರಾಹಕರ ಮನೆಗಳು ಒಮ್ಮೆಗೇ ಕತ್ತಲಾದವು. ಹಣ ಕಟ್ಟಿದವರ ಮನೆಯೂ ಅದರಲ್ಲಿತ್ತು. ಒಂದು ತಪ್ಪು ಆದೇಶ ಅಷ್ಟೂ ಮೀಟರುಗಳಿಗೆ ಹೋಗಿತ್ತು. ಲೈನ್‌ಮನ್ ಒಬ್ಬ ತಪ್ಪು ಮಾಡಿದರೆ ಒಂದು ಮನೆ ಕತ್ತಲಾದೀತು, ಕಂಪ್ಯೂಟರ್ ತಪ್ಪಿದರೆ ಒಂದು ನಗರವೇ ಕತ್ತಲಾಗುತ್ತದೆ. 2024ರ ಮೇ ತಿಂಗಳಲ್ಲಿ ಗುಜರಾತಿನ ವಡೋದರದಲ್ಲಿ ಜನರು ಬೀದಿಗಿಳಿದರು. ತಿಂಗಳ ಬಿಲ್ಲಿನಷ್ಟು ಹಣ ಕೆಲವೇ ದಿನಗಳಲ್ಲಿ ಮುಗಿಯುತ್ತಿದೆಯೆಂಬುದು ಅವರ ದೂರು. ಸರಕಾರ ಅಳವಡಿಕೆಯನ್ನು ನಿಧಾನಿಸಿ, ಸಂಶಯವಿದ್ದಲ್ಲಿ ಪಕ್ಕದಲ್ಲಿ ಇನ್ನೊಂದು ಮೀಟರಿಟ್ಟು ತಾಳೆ ನೋಡುವುದಾಗಿ ಹೇಳಬೇಕಾಯಿತು. ಮರುತಿಂಗಳು ಮಹಾರಾಷ್ಟ್ರ ಸರಕಾರ ಸಾಮಾನ್ಯ ಗ್ರಾಹಕರಿಗೆ ಈ ಮೀಟರ್ ಹಾಕುವುದಿಲ್ಲವೆಂದು ಪ್ರಕಟಿಸಿತು. 2025ರ ಜೂನ್‌ನಲ್ಲಿ ಪಶ್ಚಿಮ ಬಂಗಾಳವೂ ಮನೆಗಳಲ್ಲಿ ಅಳವಡಿಸುವುದನ್ನು ನಿಲ್ಲಿಸಿತು. ಎಲ್ಲರಿಗಿಂತ ಮುಂಚೂಣಿಯಲ್ಲಿದ್ದ ಬಿಹಾರದಲ್ಲಿ 2024ರಲ್ಲಿ ಇದೇ ವಿಷಯ ವಿರೋಧ ಪಕ್ಷದ ರಾಜ್ಯವ್ಯಾಪಿ ಪ್ರತಿಭಟನೆಗೆ ಕಾರಣವಾಯಿತು. ಬೇರೆ ಬೇರೆ ಪಕ್ಷಗಳ ಸರಕಾರವಿರುವ ರಾಜ್ಯಗಳಲ್ಲಿ ಒಂದೇ ಬಗೆಯ ಕೂಗು ಎದ್ದಿರುವಾಗ ಅದನ್ನು ರಾಜಕೀಯವೆಂದು ತಳ್ಳಿಹಾಕಲು ಸಾಧ್ಯವೇ?

ಹಾಗೆಂದು ಪ್ರತಿ ದೂರೂ ಸತ್ಯವೆಂದು ನಾನು ಹೇಳುವುದಿಲ್ಲ. ಮೀಟರ್ ಓಡುತ್ತಿದೆ ಎಂಬ ಗುಮಾನಿಗೆ ಹಲವು ಸಲ ಲೆಕ್ಕದ ಕ್ರಮವೇ ಕಾರಣ. ಹಳೆಯ ಬಾಕಿಯನ್ನು ಕಂತುಗಳಲ್ಲಿ ಹೊಸ ರೀಚಾರ್ಜಿನಿಂದ ಕಳೆಯುತ್ತಾರೆ. ವಿದ್ಯುತ್ ಬಳಸದಿದ್ದರೂ ನಿಗದಿತ ಶುಲ್ಕ ದಿನದ ಲೆಕ್ಕದಲ್ಲಿ ಕರಗುತ್ತದೆ. ನಮ್ಮ ರಾಜ್ಯದ 2025-26ನೇ ಸಾಲಿನ ದರವನ್ನೇ ತೆಗೆದುಕೊಳ್ಳಿ. ಮನೆಬಳಕೆಗೆ ಪ್ರತಿ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕವಿತ್ತು. ಎರಡು ಕಿಲೋವ್ಯಾಟಿನ ಮನೆಗೆ 290 ರೂಪಾಯಿ. ಮನೆಗೆ ಬೀಗ ಹಾಕಿ ನೀವು ಊರಿಗೆ ಹೋದರೂ ದಿನಕ್ಕೆ ಹತ್ತಿರ ಹತ್ತಿರ ಹತ್ತು ರೂಪಾಯಿ ಹೋಗುತ್ತಲೇ ಇರುತ್ತದೆ. ಈಗಲೂ ಅದನ್ನು ಕಟ್ಟುತ್ತಿದ್ದೇವೆ, ಆದರೆ ಬಿಲ್ಲಿನ ಒಂದು ಸಾಲಾಗಿ. ಅಲ್ಲಿ ಅದು ಕಣ್ಣೆದುರೇ ಕರಗುತ್ತದೆ. ಇಂತಹ ವಿಷಯಗಳನ್ನು ಜನರ ಭಾಷೆಯಲ್ಲಿ ವಿವರಿಸದೆ ಮೀಟರ್ ಬಿಗಿದು ಹೋದರೆ ಸಂಶಯ ಹುಟ್ಟದೆ ಇರುತ್ತದೆಯೇ?

ನಮ್ಮ ರಾಜ್ಯದ ಮಟ್ಟಿಗೆ ಇನ್ನೂ ಒಂದು ಗಂಭೀರ ಪ್ರಶ್ನೆಯಿದೆ. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಗೊಂಡ ಗೃಹಜ್ಯೋತಿ ಯೋಜನೆಯು, ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ, ಗರಿಷ್ಠ 200 ಯೂನಿಟ್‌ಗಳ ಮಿತಿಯಲ್ಲಿ ಉಚಿತ ವಿದ್ಯುತ್ ನೀಡುತ್ತದೆ. 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಗ್ರಾಹಕನೇ ಕಟ್ಟಬೇಕು. ಇದನ್ನು ಪ್ರಿಪೇಯ್ಡ್ ಮೀಟರಿಗೆ ಹಾಗೆಯೇ ಹೊಂದಿಸಿದರೆ ಏನಾದೀತೆಂದು ಊಹಿಸಿ. ರಮಝಾನ್ ತಿಂಗಳೋ, ಮಗಳ ಬಾಣಂತನವೋ, ಮನೆಯಲ್ಲಿ ಬಳಕೆ ಸ್ವಲ್ಪ ಹೆಚ್ಚಿತೆನ್ನಿ. ತಿಂಗಳ 28ನೇ ದಿನ ರಾತ್ರಿ 201ನೇ ಯೂನಿಟ್ ಉರಿಯಿತು. ಯೂನಿಟ್‌ಗೆ 5 ರೂಪಾಯಿ 80 ಪೈಸೆಯ 2025-26ರ ದರದಲ್ಲಿ, ನಿಗದಿತ ಶುಲ್ಕವೂ ಸೇರಿ ಸುಮಾರು 1,450 ರೂಪಾಯಿ ಆ ಗಳಿಗೆಯಲ್ಲೇ ಬಾಕಿ. ತೆರಿಗೆ ಬೇರೆ. ಅಷ್ಟು ಹೊತ್ತು ಶೂನ್ಯ ಬಿಲ್ಲಿನ ನೆಮ್ಮದಿಯಲ್ಲಿದ್ದ ಕುಟುಂಬದ ಮೀಟರಿನಲ್ಲಿ ಹಣವೇ ಇರುವುದಿಲ್ಲ. ಈಗಿನ ಪದ್ಧತಿಯಲ್ಲಿ ಅದೇ ಕುಟುಂಬಕ್ಕೆ ಬಿಲ್ ಬರುತ್ತದೆ, ಗಡುವು ಇರುತ್ತದೆ, ನಂತರ ನೋಟಿಸಿರುತ್ತದೆ. ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಬಿಹಾರದಲ್ಲಿ 2025ರ ಆಗಸ್ಟ್‌ನಿಂದ ಮನೆಗಳಿಗೆ 125 ಯೂನಿಟ್ ಉಚಿತವಾಗಿ ದೊರೆಯುತ್ತಿದೆ, ಪ್ರಿಪೇಯ್ಡ್ ಮೀಟರಿನ ಮನೆಗಳೂ ಅದರಲ್ಲಿ ಸೇರಿವೆ. ಆದರೆ ಪರಿಹಾರ ಮೊದಲು ಬರಬೇಕು, ಮೀಟರ್ ನಂತರ ಬರಬೇಕು.

ಇನ್ನು ಮೀಟರಿನ ಬೆಲೆ. ಕೇಂದ್ರದ ಯೋಜನೆಯಡಿ ಹೆಚ್ಚಿನ ರಾಜ್ಯಗಳಲ್ಲಿ ಮೀಟರೊಂದಕ್ಕೆ ಗರಿಷ್ಠ 900 ರೂಪಾಯಿ ಅನುದಾನವಿದೆ. ಉಳಿದ ಹಣವನ್ನು ಖಾಸಗಿ ಕಂಪೆನಿಯು ಹೂಡಿ, ವರ್ಷಗಟ್ಟಲೆ ತಿಂಗಳ ಕಂತುಗಳಲ್ಲಿ ವಸೂಲು ಮಾಡುತ್ತದೆ. ಗ್ರಾಹಕರು ಕಟ್ಟಿದ ಹಣದಿಂದ ಮೊದಲು ಆ ಕಂಪೆನಿಯ ಪಾಲು ನೇರವಾಗಿ ಹೋಗುವ ವ್ಯವಸ್ಥೆ ಅಲ್ಲಿದೆ. 'ಮೀಟರ್ ಉಚಿತ' ಎನ್ನುವಾಗ ಈ ಕಂತು ಕೊನೆಗೆ ಯಾರ ಜೇಬಿನಿಂದ ಬರುತ್ತದೆಂಬುದನ್ನು ಕೇಳಬೇಕು. ಆ ಯೋಜನೆಯ ಹೊರಗುಳಿದ ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಿಂದ ಬೆಂಗಳೂರಿನ ಕಂಪೆನಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿದಾಗ, ಸಿಂಗಲ್ ಫೇಸ್ ಮೀಟರಿನ ಬೆಲೆ 4,998 ರೂಪಾಯಿಯೆಂದು ತಿಳಿದು ಜನ ದಂಗಾದರು. ವಿಧಾನಮಂಡಲದಲ್ಲೂ ನ್ಯಾಯಾಲಯದಲ್ಲೂ ಅದು ಚರ್ಚೆಗೆ ಬಂತು. ಒಂದು ಪುಟ್ಟ ಮನೆ ಕಟ್ಟಿ ದೀಪ ಹಚ್ಚಲು ಹೊರಟವನಿಗೆ ಐದು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಕಂಪೆನಿಗಳು ನಮಗೆ ಸಾಲವಾಗಿ ವಿದ್ಯುತ್ ಕೊಡುತ್ತಿವೆ ಎಂಬ ಭಾವನೆಯನ್ನು ಬಿತ್ತಲಾಗಿದೆ. ವಾಸ್ತವದಲ್ಲಿ ಸಂಪರ್ಕ ಪಡೆಯುವಾಗಲೇ ನಾವು ಸುಮಾರು ಎರಡು ತಿಂಗಳ ಬಿಲ್ಲಿನಷ್ಟು ಠೇವಣಿ ಇಟ್ಟಿದ್ದೇವೆ. ಬಳಕೆ ಹೆಚ್ಚಿದಂತೆ ಹೆಚ್ಚುವರಿ ಠೇವಣಿಯನ್ನೂ ಕಟ್ಟುತ್ತೇವೆ. ಅಂದರೆ ಬಡವನು ಈಗಾಗಲೇ ಮುಂಗಡ ಪಾವತಿಸಿದ್ದಾನೆ! ದೊಡ್ಡ ಬಾಕಿದಾರರು ಬೇರೆಯೇ ಇದ್ದಾರೆ. ಸರಕಾರಿ ಇಲಾಖೆಗಳು, ಸ್ಥಳೀಯ ಸಂಸ್ಥೆಗಳ ಬೀದಿದೀಪಗಳು, ಕುಡಿಯುವ ನೀರಿನ ಪಂಪುಗಳು ಉಳಿಸಿರುವ ಬಾಕಿ ಎಲ್ಲ ರಾಜ್ಯಗಳಲ್ಲೂ ಕಂಪೆನಿಗಳ ದೊಡ್ಡ ತಲೆನೋವು. ಕೇಂದ್ರದ ಯೋಜನೆಯೂ ಸರಕಾರಿ ಕಚೇರಿಗಳಿಗೆ ಆದ್ಯತೆ ನೀಡಬೇಕೆಂದಿದೆ. ಹಾಗಿದ್ದರೆ ಪ್ರಿಪೇಯ್ಡ್ ಮೀಟರಿನ ಶಿಸ್ತು ಅಲ್ಲಿಂದಲೇ ಆರಂಭವಾಗಲಿ. ಮಂತ್ರಿಗಳ ಬಂಗಲೆಯ ಬ್ಯಾಲೆನ್ಸ್ ಮುಗಿದಾಗ ಏನಾಗುತ್ತದೆಂದು ನೋಡಿ, ಆಮೇಲೆ ಬೀಡಿ ಕಟ್ಟುವ ತಾಯಿಯ ಮನೆಗೆ ಬರಲಿ.

ಸಹೋದರ ಸಹೋದರಿಯರೇ, ಇತರರನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕಲ್ಲವೇ? ಮದುವೆಯ ಮನೆಗಳಲ್ಲಿ ಬೀದಿಯ ತಂತಿಗೆ ಕೊಕ್ಕೆ ಹಾಕಿ ವಾರಗಟ್ಟಲೆ ಅಲಂಕಾರದ ದೀಪ ಉರಿಸುವವರು ನಮ್ಮ ನಡುವೆ ಇಲ್ಲವೇ? ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನನ್ನು ಆರಿಸಲು ನಮಗೆ ಆಲಸ್ಯ. ಕದ್ದ ವಿದ್ಯುತ್ತಿನಲ್ಲಿ ಬೆಳಗುವ ದೀಪ ನೆರೆಮನೆಯವನ ಜೇಬಿನಿಂದ ಎಣ್ಣೆ ಹೀರುತ್ತದೆ. ಜನರ ಇಂತಹ ಅಪ್ರಾಮಾಣಿಕತೆಯೇ ಕಠಿಣ ಯಂತ್ರಗಳನ್ನು ತರುವವರ ಕೈಗೆ ಸಮರ್ಥನೆಯನ್ನು ಕೊಡುತ್ತದೆ. ಬಳಸಿದ್ದಕ್ಕೆ ಬೆಲೆ ತೆರುವುದು ನಮ್ಮ ಕರ್ತವ್ಯ. ಅದನ್ನು ಸಲ್ಲಿಸಿದವನಿಗೇ ಹಕ್ಕನ್ನು ಕೇಳುವ ನೈತಿಕ ಬಲವಿರುತ್ತದೆ.

ಹಾಗಾದರೆ ನಾವು ಕೇಳಬೇಕಾದುದೇನು? ಮೀಟರ್ ಬೇಡವೆಂದು ಕಲ್ಲು ಹಿಡಿಯುವುದಲ್ಲ. ನಿಯಂತ್ರಣ ಆಯೋಗವು ದರ ಪರಿಷ್ಕರಣೆಯ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿಗೆ ಹೋಗಿ, ಲಿಖಿತವಾಗಿ, ಕೆಲವು ಸ್ಪಷ್ಟ ಬೇಡಿಕೆಗಳನ್ನು ಇಡಬೇಕು. ಪ್ರಿಪೇಯ್ಡ್ ಎಂಬುದು ಮನೆಬಳಕೆಯವರಿಗೆ ಆಯ್ಕೆಯಾಗಿರಲಿ, ಬೇಡವೆನಿಸಿದಾಗ ಹಳೆಯ ಪದ್ಧತಿಗೆ ಮರಳುವ ದಾರಿ ತೆರೆದಿರಲಿ. ಆಯ್ದುಕೊಂಡವರಿಗೆ ಹಳೆಯ ಠೇವಣಿ ಬಡ್ಡಿಸಹಿತ ಜಮೆಯಾಗಲಿ. ಹಣ ಮುಗಿದೊಡನೆ ಕಡಿತವಾಗದೆ ಕೆಲವು ದಿನಗಳ ತುರ್ತು ಅವಕಾಶವಿರಲಿ. ಸಂಜೆ, ರಾತ್ರಿ ಮತ್ತು ರಜಾದಿನಗಳಲ್ಲಿ ಸಂಪರ್ಕ ಕಡಿಯಬಾರದು. ಕೆಲವು ರಾಜ್ಯಗಳು ಈಗಾಗಲೇ ಇಂತಹ ನಿಯಮ ಇಟ್ಟುಕೊಂಡಿವೆ. ರೋಗಿಗಳು, ಹಸುಗೂಸುಗಳು, ಒಂಟಿ ವೃದ್ಧರಿರುವ ಮನೆಗಳಿಗೆ ಪೂರ್ಣ ರಕ್ಷಣೆಯಿರಲಿ. ಎಚ್ಚರಿಕೆಯ ಸಂದೇಶ ಕನ್ನಡದಲ್ಲಿರಲಿ, ಮೀಟರಿನಲ್ಲೂ ಕಾಣಿಸಲಿ, ಕೇಳಿಸಲಿ. ನಗದು ಹಣ ತುಂಬಲು ಹತ್ತಿರದಲ್ಲೇ ಕೌಂಟರ್ ಇರಲಿ. ಸಂಶಯಪಟ್ಟವರ ಮನೆಯಲ್ಲಿ ಶುಲ್ಕವಿಲ್ಲದೆ ಪರೀಕ್ಷಾ ಮೀಟರ್ ಇಡಲಿ. ಮನೆಮನೆಗೆ ಹೋಗಿ ದುಡಿಯುವ ಮೀಟರ್ ರೀಡರುಗಳಿಗೆ, ಗ್ರಾಮ ವಿದ್ಯುತ್ ಪ್ರತಿನಿಧಿಗಳಿಗೆ ಬದಲಿ ಕೆಲಸ ಕಲ್ಪಿಸಲಿ.

ಈ ಕೊನೆಯ ಮಾತನ್ನು ನಾನು ಸುಮ್ಮನೆ ಸೇರಿಸಿದ್ದಲ್ಲ. ನಮ್ಮ ಓಣಿಗೆ ಬರುವ ಮೀಟರ್ ರೀಡರಿಗೆ ಯಾವ ಮನೆಯಲ್ಲಿ ವಿಧವೆಯಿದ್ದಾಳೆ, ಯಾವ ಮನೆಯ ಯಜಮಾನ ಆಸ್ಪತ್ರೆಯಲ್ಲಿದ್ದಾನೆ ಎಂಬುದು ಗೊತ್ತು. "ಬರುವ ವಾರ ಕಟ್ಟಿಬಿಡಿ ಅಮ್ಮ, ಇಲ್ಲದಿದ್ದರೆ ತೊಂದರೆಯಾದೀತು" ಎಂದು ಅವರು ಹೇಳಿ ಹೋಗುತ್ತಾರೆ. ಆ ಒಂದು ಮಾತು ಯಾವ ಕಾಯ್ದೆಯಲ್ಲೂ ಬರೆದಿಲ್ಲ, ಯಾವ ಮೀಟರಿನೊಳಗೂ ಇಲ್ಲ. ಯಂತ್ರಕ್ಕೆ ಕರುಣೆ ಇರುವುದಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ. ಅದನ್ನು ಅಳವಡಿಸುವವರು ಮನುಷ್ಯರು, ಅದಕ್ಕೆ ನಿಯಮ ಬರೆಯುವವರೂ ಮನುಷ್ಯರು. ಕರುಣೆ ಅಲ್ಲಿ, ಆ ನಿಯಮದಲ್ಲಿ ಇರಬೇಕು.

ಬೆಂಗಳೂರಿನ ಆ ಮಹಿಳೆಯ ಪ್ರಶ್ನೆಗೆ ಈಗ ನನ್ನಲ್ಲಿ ಒಂದು ಉತ್ತರವಿದೆ. ತಾಯೀ, ಆ ಮೀಟರ್ ನಿನ್ನ ಮನೆಗೆ ಬರುವುದಾದರೆ ನಿನ್ನನ್ನು ಕೇಳಿಯೇ ಬರಬೇಕು. ಸಂಬಳದ ದಿನದವರೆಗೆ ಕಾಯುವ ತಾಳ್ಮೆ ಅದಕ್ಕಿರಬೇಕು. ಅದಿಲ್ಲದಿದ್ದರೆ ಬೇಡವೆನ್ನುವ ಹಕ್ಕು ನಿನಗಿದೆ. ಆ ಹಕ್ಕಿನ ಪರವಾಗಿ ವಿಚಾರಣೆಯ ಸಭೆಯಲ್ಲಿ ಎದ್ದು ನಿಲ್ಲುವುದು ರೀಚಾರ್ಜ್ ಮಾಡಲು ಶಕ್ತರಾದ ನಮ್ಮಂಥವರ ಹೊಣೆ.